ಬೆಟ್ಟ ಹತ್ತದೆ ಕೊಡಗನ್ನು ನಡೆದು ನೋಡಬಹುದೇ?

ಓದುಗರ ಪ್ರಶ್ನೆ: ನಾವು ಮೈಸೂರಿನವರು. ಮನೆಯಲ್ಲಿ 68 ವರ್ಷದ ಅಮ್ಮ ಮತ್ತು 8 ವರ್ಷದ ಮಗ ಇದ್ದಾರೆ. ಚಾರಣ ನಮ್ಮಿಂದಾಗದ ಮಾತು. ಹಾಗೆಂದು ಕಾರಿನ ಕಿಟಕಿಯಿಂದಲೇ ಕೊಡಗನ್ನು ನೋಡಿಕೊಂಡು ಹಿಂತಿರುಗುವುದಕ್ಕೂ ಮನಸ್ಸಿಲ್ಲ. ಒಂದೆರಡು ಗಂಟೆ ಹಸಿರಿನ ನಡುವೆ ನಿಧಾನವಾಗಿ, ಅಪಾಯವಿಲ್ಲದೆ ನಡೆಯುವಂಥ ಜಾಗಗಳು ಯಾವುವು?

ಉತ್ತರ: ದಸರಾ ರಜೆ ಹತ್ತಿರವಾದಂತೆಲ್ಲ ಈ ಪ್ರಶ್ನೆ ಸ್ವಲ್ಪ ಸ್ವಲ್ಪ ರೂಪ ಬದಲಿಸಿಕೊಂಡು ಬರುತ್ತಲೇ ಇರುತ್ತದೆ. ಕೇಳುವವರು ಒಮ್ಮೆ ಮೈಸೂರಿನವರು, ಇನ್ನೊಮ್ಮೆ ಬೆಂಗಳೂರಿನವರು. ಅಮ್ಮನ ಬದಲು ಮೊಣಕಾಲು ನೋವಿನ ಅತ್ತೆ ಇರುತ್ತಾರೆ, ಅಷ್ಟೇ. ಧಾರಾಳವಾಗಿ ನಡೆಯಬಹುದು ಎಂಬುದೇ ಇದಕ್ಕೆ ನೇರವಾದ ಉತ್ತರ. ಆದರೆ ಕೊಡಗಿನಲ್ಲಿ ಒಂದು ನಡಿಗೆ ಸುಲಭವೋ ಕಷ್ಟವೋ ಎಂಬುದು ದಾರಿಯ ಉದ್ದದಿಂದಲೋ ಏರಿನಿಂದಲೋ ಗೊತ್ತಾಗುವುದಿಲ್ಲ. ಯಾವ ತಿಂಗಳಿನಲ್ಲಿ, ದಿನದ ಯಾವ ಹೊತ್ತಿನಲ್ಲಿ, ಯಾರ ಜಾಗದಲ್ಲಿ ಕಾಲಿಡುತ್ತಿದ್ದೀರಿ ಎಂಬುದರ ಮೇಲೆ ಅದು ನಿಂತಿದೆ. ಹಗಲು ಹನ್ನೊಂದು ಗಂಟೆಗೆ ಇರ್ಪು ಜಲಪಾತದ ಮೆಟ್ಟಿಲನ್ನು ನಿಂತು ನಿಂತು ಹತ್ತುವ ಅಜ್ಜಿಗಿಂತ, ಬೆಳಗಿನ ಜಾವ ಸಮತಟ್ಟಾದ ತೋಟದ ರಸ್ತೆಯಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹೊರಟ ಗಟ್ಟಿಮುಟ್ಟಾದ ಯುವಕನೇ ಹೆಚ್ಚಿನ ಅಪಾಯದಲ್ಲಿರುತ್ತಾನೆ.

ಮೈಸೂರಿನಿಂದ ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರಬೇಕೆಂದಿದ್ದರೆ ಕುಶಾಲನಗರದಿಂದ ಮುಂದಕ್ಕೆ ಹೆಚ್ಚು ದೂರ ಹೋಗುವ ಅಗತ್ಯವೇ ಇಲ್ಲ. ಮೈಸೂರಿನಿಂದ ಕುಶಾಲನಗರಕ್ಕೆ ಸುಮಾರು 85 ಕಿ.ಮೀ.; ಅಲ್ಲಿಂದ ಮಡಿಕೇರಿಯ ರಸ್ತೆಯಲ್ಲಿ ಎರಡು–ಮೂರು ಕಿ.ಮೀ. ಸಾಗಿದರೆ ಕಾವೇರಿ ನಿಸರ್ಗಧಾಮ ಸಿಗುತ್ತದೆ. ಕಾವೇರಿಯು ಕವಲೊಡೆದು ಮತ್ತೆ ಕೂಡಿಕೊಳ್ಳುವ ನಡುವೆ ಉಳಿದುಕೊಂಡಿರುವ ಸುಮಾರು 64 ಎಕರೆಯ ನಡುಗಡ್ಡೆ ಇದು. ತೂಗುಸೇತುವೆ ದಾಟಿ ಒಳಗೆ ಹೋದ ಮೇಲೆ ಏರಿಳಿತಗಳಿಲ್ಲದ ಕಾಲುದಾರಿ, ಎರಡೂ ಕಡೆ ಬಿದಿರು ಮೆಳೆಗಳು, ನಡುನಡುವೆ ತೇಗದ ಮರಗಳು. ಇದನ್ನು ‘ಬರೀ ಪಾರ್ಕು’ ಎಂದು ಮೂಗು ಮುರಿಯುವವರಿದ್ದಾರೆ. ಅವರಲ್ಲಿ ಬಹಳಷ್ಟು ಜನ ಸೇತುವೆಯ ಹತ್ತಿರದ ಅಂಗಡಿಗಳನ್ನೂ ಮಕ್ಕಳ ಆಟದ ಜಾಗವನ್ನೂ ನೋಡಿ ಅಲ್ಲಿಂದಲೇ ಹಿಂತಿರುಗಿದವರು. ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಜನ ನಿಲ್ಲುವ ಜಾಗವನ್ನು ದಾಟಿ ನಡುಗಡ್ಡೆಯ ಆಚೆಯ ಅಂಚಿನ ಕಡೆಗೆ ನಡೆದರೆ, ಗಾಳಿಗೆ ಬಿದಿರು ಒಂದಕ್ಕೊಂದು ತಿಕ್ಕಿ ಹಳೆಯ ಮನೆಯ ಬಾಗಿಲು ತೆರೆದಂತೆ ಕಿರುಗುಟ್ಟುವುದು ಕೇಳಿಸುತ್ತದೆ. ನಿಮ್ಮ ತಾಯಿಯವರಿಗೂ ಮಗನಿಗೂ ಒಂದೇ ವೇಗದಲ್ಲಿ ನಡೆಯಲು ಒಗ್ಗುವ ಇಂಥ ದಾರಿ ಜಿಲ್ಲೆಯಲ್ಲಿ ಬೇರೆ ಇಲ್ಲವೆಂದೇ ನನ್ನ ಅಭಿಪ್ರಾಯ. ಭಾನುವಾರವನ್ನು ಮಾತ್ರ ತಪ್ಪಿಸಿ. ಮಳೆಗಾಲದಲ್ಲಿ ಹೊಳೆ ತುಂಬಿದಾಗ ಪ್ರವೇಶವನ್ನೇ ನಿಲ್ಲಿಸುತ್ತಾರಾದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಿಚಾರಿಸಿಕೊಂಡೇ ಹೊರಡಬೇಕು.

ಸ್ವಲ್ಪ ಹತ್ತಿದರೂ ಅಡ್ಡಿಯಿಲ್ಲ, ನಿಜವಾದ ಕಾಡಿನ ನೆರಳು ಬೇಕು ಎನ್ನುವವರಿಗೆ ದಕ್ಷಿಣ ಕೊಡಗಿನ ಇರ್ಪು ಸರಿಯಾದ ಜಾಗ. ಗೋಣಿಕೊಪ್ಪದಿಂದ ಶ್ರೀಮಂಗಲದ ಮೇಲೆ ಕುಟ್ಟದ ಕಡೆಗೆ ಹೋಗುವಾಗ ಕುರ್ಚಿ ಗ್ರಾಮದಲ್ಲಿ, ಬ್ರಹ್ಮಗಿರಿ ಬೆಟ್ಟಸಾಲಿನ ಬುಡದಲ್ಲಿ ಇದು ಇದೆ. ಕೆಳಗೆ ಗದ್ದೆಬಯಲಿನ ಅಂಚಿನಲ್ಲಿ ರಾಮೇಶ್ವರ ದೇವಸ್ಥಾನವಿದ್ದು, ಅಲ್ಲಿಂದ ಜಲಪಾತದವರೆಗೆ ಕಾಡಿನೊಳಗೆ ಕಾಲುದಾರಿಯೂ ಮೆಟ್ಟಿಲುಗಳೂ ಇವೆ. ಬಾಯಾರಿದ ಅಣ್ಣನಿಗಾಗಿ ಲಕ್ಷ್ಮಣ ಬಾಣ ಬಿಟ್ಟು ಬೆಟ್ಟದಿಂದ ನೀರು ಚಿಮ್ಮಿಸಿದನೆಂಬ ಕಥೆಯಿರುವ ಲಕ್ಷ್ಮಣತೀರ್ಥ ನದಿ ಇಲ್ಲಿ ಸುಮಾರು 170 ಅಡಿ ಧುಮುಕುತ್ತದೆ. ಮುಂದೆ ಅದು ಹುಣಸೂರಿನ ಮೂಲಕ ಹರಿದು ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಸೇರುವುದರಿಂದ, ಮೈಸೂರಿನ ಮಕ್ಕಳಿಗೆ ‘ಈ ನೀರು ನಮಗಿಂತ ನಿಧಾನವಾಗಿ ನಮ್ಮೂರ ಕಡೆಗೇ ಬರುತ್ತದೆ’ ಎಂದು ತೋರಿಸಬಹುದು. ದಾರಿಯ ಪಕ್ಕದಲ್ಲೇ ತೊರೆ ಹರಿಯುತ್ತದೆ. ಮನುಷ್ಯರಂತೆ ಸಿಳ್ಳೆ ಹಾಕುವ ಮಲಬಾರ್ ವಿಸ್ಲಿಂಗ್ ಥ್ರಶ್ ಹಕ್ಕಿಯ ದನಿ ಕೇಳಲು ಇಂಥ ತೊರೆಯ ಬದಿಯೇ ಸರಿ. ಮೇಲಿನ ಕೊಂಬೆಗಳಲ್ಲಿ ಕೆಂದಳಿಲು ಸಿಕ್ಕರೂ ಸಿಗಬಹುದು. ಹಿರಿಯರಿಗೆ ಹತ್ತುವಾಗ ಉಸಿರು ಕಟ್ಟುತ್ತದೆಯೇ ಹೊರತು ಮೊಣಕಾಲಿಗೆ ಪೆಟ್ಟು ಬೀಳುವುದು ಇಳಿಯುವಾಗ. ಆದ್ದರಿಂದ ಒಂದು ಊರುಗೋಲು ಜೊತೆಗಿರಲಿ, ಹಿಂತಿರುಗಲು ಹತ್ತಿದ್ದಕ್ಕಿಂತ ಹೆಚ್ಚು ಸಮಯ ಇಟ್ಟುಕೊಳ್ಳಿ. ಶಿವರಾತ್ರಿಯಂದು ಇಲ್ಲಿ ತೀರ್ಥಸ್ನಾನಕ್ಕೆ ಜನಸಾಗರವೇ ಸೇರುವುದರಿಂದ ನಡಿಗೆಗಾಗಿ ಬರುವವರಿಗೆ ಆ ದಿನ ಸಲ್ಲದು.

ಅಬ್ಬಿ ಜಲಪಾತವನ್ನೇಕೆ ಮೊದಲು ಹೇಳಲಿಲ್ಲ ಎಂದು ಕೇಳುವಿರಿ. ಮಡಿಕೇರಿಯಿಂದ ಏಳೆಂಟು ಕಿ.ಮೀ. ದೂರದಲ್ಲಿ, ಕಾಫಿ ಮತ್ತು ಕರಿಮೆಣಸಿನ ತೋಟದ ನಡುವೆ ಮೆಟ್ಟಿಲಿಳಿದು ಹೋಗುವ ಈ ಜಾಗ ಚೆಂದವೇನೋ ಹೌದು. ಆದರೆ ರಜಾದಿನಗಳಲ್ಲಿ ಅದು ನಡಿಗೆಯಾಗಿ ಉಳಿದಿಲ್ಲ, ಸರದಿ ಸಾಲಾಗಿದೆ. ಸೋಮವಾರಪೇಟೆ ಕಡೆಯ ಮಲ್ಲಳ್ಳಿಯಲ್ಲಿ ಇಳಿಯಬೇಕಾದ ಮೆಟ್ಟಿಲುಗಳೇ ನೂರಾರು, ಅವನ್ನೆಲ್ಲ ಮತ್ತೆ ಹತ್ತಬೇಕು. ಚೆಯ್ಯಂಡಾಣೆ ಬಳಿಯ ಚೇಲಾವರದಲ್ಲಿ ಬಂಡೆಗಳು ಜಾರುತ್ತವೆ, ನೀರಿಗಿಳಿದು ಪ್ರಾಣ ಕಳೆದುಕೊಂಡವರಿದ್ದಾರೆ. ಎಂಟು ವರ್ಷದ ಹುಡುಗನ ಕೈ ಹಿಡಿದುಕೊಂಡು ಹೋಗುವ ಜಾಗ ಅದಲ್ಲ. ದುಬಾರೆಗೆ ಹೋದರೆ ಆನೆಗಳನ್ನು ನೋಡುತ್ತೀರಿ, ನಡೆಯುವುದಿಲ್ಲ. ನಾಗರಹೊಳೆಯಲ್ಲಂತೂ ಸಫಾರಿ ವಾಹನದಿಂದ ಇಳಿಯುವಂತೆಯೇ ಇಲ್ಲ.

ಕಕ್ಕಬ್ಬೆಯ ಬಳಿಯ ನಾಲ್ಕುನಾಡು ಅರಮನೆಯ ಪರಿಸರ ಇವುಗಳಿಗಿಂತ ಎಷ್ಟೋ ಮೇಲು, ಅಲ್ಲಿ ಜನವೂ ಕಡಿಮೆ. ದೊಡ್ಡ ವೀರರಾಜೇಂದ್ರ 1792ರ ಸುಮಾರಿಗೆ ಕಟ್ಟಿಸಿದ ಎರಡಂತಸ್ತಿನ ಈ ಅರಮನೆ, ಅರಮನೆ ಎಂಬ ಹೆಸರಿಗಿಂತ ದೊಡ್ಡದೊಂದು ತೊಟ್ಟಿಮನೆಯ ಹಾಗಿದೆ. ಅದರ ಹಿಂದೆಯೇ ಕೊಡಗಿನ ಅತ್ಯಂತ ಎತ್ತರದ ಶಿಖರವಾದ 1,748 ಮೀಟರಿನ ತಡಿಯಂಡಮೋಳ್ ಎದ್ದು ನಿಂತಿದೆ. ಶಿಖರದ ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಮುಂಗಡ ಕಾಯ್ದಿರಿಸಬೇಕು, ಕಾಲಿನಲ್ಲಿ ಕಸುವೂ ಬೇಕು. ನಿಮಗೆ ಅದರ ಗೊಡವೆ ಬೇಡ. ಅರಮನೆಯ ಮುಂದೆ ವಾಹನ ನಿಲ್ಲಿಸಿ, ಬೆಟ್ಟದ ಬುಡಕ್ಕೆ ಏರುವ ರಸ್ತೆಯಲ್ಲಿ ಸಾಕೆನಿಸುವವರೆಗೆ ನಡೆದು ಹಿಂತಿರುಗಿದರೂ ತೋಟ, ತೊರೆ, ಎದುರಿನ ಬೆಟ್ಟದ ಮೇಲೆ ಸರಿಯುವ ಮೋಡ ಎಲ್ಲವೂ ಸಿಗುತ್ತವೆ. ತುದಿ ಮುಟ್ಟಲೇಬೇಕೆಂಬ ಹಟವಿಲ್ಲದವರಿಗೆ ಬೆಟ್ಟದ ಬುಡವೇ ಹೆಚ್ಚು ತೋರಿಸುತ್ತದೆ.

ಇನ್ನು ತೋಟದೊಳಗಿನ ನಡಿಗೆ. ಕೊಡಗಿಗೆ ಬಂದವರ ಮನಸ್ಸಿನಲ್ಲಿರುವುದು ಹೆಚ್ಚಾಗಿ ಇದೇ: ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ, ನಡುವೆ ಕೆಮ್ಮಣ್ಣಿನ ದಾರಿ. ರಸ್ತೆಯ ಬದಿಯಲ್ಲಿ ಬೇಲಿಯಿಲ್ಲ ಎಂದಮಾತ್ರಕ್ಕೆ ತೋಟ ಸಾರ್ವಜನಿಕವಾಗುವುದಿಲ್ಲ. ಅದಕ್ಕೊಬ್ಬ ಯಜಮಾನ ಇದ್ದೇ ಇರುತ್ತಾನೆ. ಕೊಯ್ಲಿನ ದಿನಗಳಲ್ಲಿ ಅಪರಿಚಿತರು ಒಳಗೆ ಸುಳಿದಾಡುವುದನ್ನು ಯಾರೂ ಮೆಚ್ಚುವುದಿಲ್ಲ. ಆದ್ದರಿಂದ ಒಂದು ರಾತ್ರಿ ಹೋಂಸ್ಟೇಯಲ್ಲಿ ಉಳಿದು, ಆ ಮನೆಯವರ ಜೊತೆಯಲ್ಲೇ ಅವರ ತೋಟದಲ್ಲಿ ನಡೆಯುವುದು ಮರ್ಯಾದೆಗೂ ಒಳ್ಳೆಯದು, ಜೀವಕ್ಕೂ ಒಳ್ಳೆಯದು.

ಜೀವದ ಮಾತನ್ನು ಹೆದರಿಸಲು ಹೇಳುತ್ತಿಲ್ಲ. ಸಿದ್ದಾಪುರ, ವಿರಾಜಪೇಟೆ, ಪೊನ್ನಂಪೇಟೆ ಕಡೆಯ ತೋಟಗಳಲ್ಲಿ ಕಾಡಾನೆಗಳು ಈಗ ಬಂದು ಹೋಗುವ ಅತಿಥಿಗಳಾಗಿ ಉಳಿದಿಲ್ಲ. ತೋಟದಲ್ಲಿ ನೆರಳಿದೆ, ಕೆರೆಯಲ್ಲಿ ನೀರಿದೆ, ಬೇಸಿಗೆಯ ಕೊನೆಯಿಂದ ಹಲಸು ಹಣ್ಣಾಗುತ್ತದೆ. ಹೀಗಿರುವಾಗ ಹಗಲೆಲ್ಲ ಕಾಫಿ ಗಿಡಗಳ ನಡುವೆಯೇ ನಿಂತು ಕಳೆಯುವ ಆನೆಗಳಿವೆ. ಆಳೆತ್ತರದ ರೊಬಸ್ಟಾ ತಳಿಯ ಕಾಫಿ ಗಿಡಗಳ ಮಧ್ಯೆ ಇಪ್ಪತ್ತು ಅಡಿ ದೂರದ ಆನೆಯೂ ಕಾಣುವುದಿಲ್ಲ. ಒಮ್ಮೆ ಸಿದ್ದಾಪುರದ ಕಡೆ ನೆಂಟರ ಮನೆಯಲ್ಲಿ ಉಳಿದಿದ್ದಾಗ ಬೆಳಿಗ್ಗೆ ಬೇಗ ಎದ್ದು ಒಬ್ಬನೇ ಗೇಟಿನವರೆಗೆ ಹೋಗಿಬರಲು ಹೊರಟಿದ್ದೆ. ಮನೆಯಿಂದ ಇನ್ನೂರು ಹೆಜ್ಜೆ ಹೋಗಿರಲಿಲ್ಲ, ದಾರಿಯ ನಡುವೆ ಲದ್ದಿ ಬಿದ್ದಿತ್ತು. ಅದರಲ್ಲಿ ಹಲಸಿನ ನಾರೂ ಅರಗದ ಇಡೀ ಬೀಜಗಳೂ ಇದ್ದವು, ಚಳಿಯಲ್ಲಿ ಇನ್ನೂ ಹಬೆಯಾಡುತ್ತಿತ್ತು. ಸದ್ದಿಲ್ಲದೆ ಹಿಂದಕ್ಕೆ ಬಂದು ಹೇಳಿದಾಗ ನಮ್ಮ ದೊಡ್ಡಪ್ಪನವರು ಪತ್ರಿಕೆಯಿಂದ ತಲೆಯೆತ್ತದೆ, ‘ಒಂಬತ್ತು ಗಂಟೆಯವರೆಗೆ ಅದರ ರಸ್ತೆ, ಆಮೇಲೆ ನಮ್ಮದು. ಕೂತು ಕಾಫಿ ಕುಡಿ’ ಎಂದಷ್ಟೇ ಅಂದರು. ಆ ವೇಳಾಪಟ್ಟಿಯನ್ನು ಆನೆ ಒಪ್ಪಿಕೊಂಡಿದೆಯೋ ಇಲ್ಲವೋ, ನಾನಂತೂ ಅಂದಿನಿಂದ ಮೀರಿಲ್ಲ.

ಬಿಸಿಲೇರಿದ ಮೇಲೆ ಹೊರಡುವುದು, ನಾಲ್ಕೂವರೆಯೊಳಗೆ ಮನೆ ಸೇರುವುದು, ತೋಟದ ಕೆಲಸಗಾರರು ‘ಇವತ್ತು ಆ ಕಡೆ ಬೇಡ’ ಎಂದರೆ ಕಾರಣ ಕೇಳದೆ ತಿರುಗುವುದು ಇಲ್ಲಿಯ ಪದ್ಧತಿ. ಆನೆ ಎಲ್ಲಿದೆ ಎಂಬ ಸುದ್ದಿ ಊರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬೆಳಿಗ್ಗೆಯೇ ಬಂದಿರುತ್ತದೆ, ಹೋಂಸ್ಟೇಯವರನ್ನು ಕೇಳಿದರೆ ಹೇಳುತ್ತಾರೆ. ಹೊಸದಾಗಿ ಮುರಿದ ಕೊಂಬೆ, ಹಸಿ ಲದ್ದಿ, ಎಲ್ಲೋ ಬಿದಿರು ಸೀಳಿದ ಸದ್ದು ಇವುಗಳಲ್ಲಿ ಒಂದು ಗಮನಕ್ಕೆ ಬಂದರೂ ಫೋಟೊ ತೆಗೆಯಲು ನಿಲ್ಲಬೇಡಿ. ಆನೆಯ ಕಾಟ ಅಷ್ಟಾಗಿಲ್ಲದ ಜಾಗಗಳೂ ಉಂಟು. ನೀವು ಕೋಣೆ ಕಾಯ್ದಿರಿಸುವಾಗ ಬಿಸಿನೀರಿದೆಯೇ ಎಂದು ಕೇಳುವುದಕ್ಕೆ ಮೊದಲು ಇದನ್ನು ಕೇಳಿಕೊಳ್ಳಿ.

ಮನೆಯವರ ಜೊತೆ ಹೊರಟರೆ ಇನ್ನೊಂದು ಲಾಭವಿದೆ. ಐನ್‌ಮನೆಗೆ, ಅಂದರೆ ಕೊಡವ ಕುಟುಂಬದ ಮೂಲಮನೆಗೆ ಹೋಗುವ ಓಣಿಯನ್ನು ಅವರು ತೋರಿಸುತ್ತಾರೆ: ಎರಡೂ ಕಡೆ ಆಳೆತ್ತರದ ಮಣ್ಣಿನ ದಿಬ್ಬ, ಅದರ ಮೇಲೆ ಪಾಚಿ, ಜರಿಗಿಡ, ಮಧ್ಯಾಹ್ನವೂ ತಂಪು. ಓಣಿ ಮುಗಿದರೆ ಗದ್ದೆಬಯಲು. ಸುಗ್ಗಿಹಬ್ಬವಾದ ಹುತ್ತರಿ ಕಳೆದು ಭತ್ತದ ಕೊಯ್ಲು ಮುಗಿದ ಡಿಸೆಂಬರ್–ಜನವರಿಯಲ್ಲಿ ಗದ್ದೆಯ ಬದುವಿನ ಮೇಲೆ ಮಕ್ಕಳು ಎಷ್ಟು ದೂರ ಬೇಕಾದರೂ ಓಡಬಹುದು, ಸುತ್ತಲೂ ಬಯಲಾದ್ದರಿಂದ ಹಿರಿಯರು ಕುಳಿತಲ್ಲಿಂದಲೇ ಅವರ ಮೇಲೆ ಕಣ್ಣಿಡಬಹುದು.

ದಾರಿಯಲ್ಲಿ ದೇವರಕಾಡು, ಅಂದರೆ ಊರಿನವರು ದೇವರ ಹೆಸರಿನಲ್ಲಿ ಕಾಪಾಡಿಕೊಂಡು ಬಂದ ಕಾಡು ಎದುರಾದರೆ ಅಲ್ಲಿ ಸ್ವಲ್ಪ ನಿಲ್ಲಿ, ಆದರೆ ಕೇಳದೆ ಒಳಗೆ ಹೋಗಬೇಡಿ. ಕೊಡಗಿನಲ್ಲಿ 1,214 ದೇವರಕಾಡುಗಳಿವೆ ಎಂಬುದು ದಾಖಲೆಯ ಲೆಕ್ಕ. ಎಲ್ಲ ಸೇರಿದರೂ ಸುಮಾರು 2,550 ಹೆಕ್ಟೇರ್ ಮಾತ್ರ, ಎಂದರೆ ಹೆಚ್ಚಿನವು ತೀರಾ ಚಿಕ್ಕವು. ಸುತ್ತ ತೋಟವಾದರೂ ಈ ತುಂಡುಗಳಲ್ಲಿ ಹಳೆಯ ಕಾಡು ಉಳಿದುಕೊಂಡಿದೆ. ಪ್ರತಿಯೊಂದಕ್ಕೂ ಅದರದೇ ಕಟ್ಟುಪಾಡು: ಕೆಲವೆಡೆ ಚಪ್ಪಲಿ ಬಿಡಬೇಕು, ಕೆಲವೆಡೆ ಹಬ್ಬದ ದಿನವಲ್ಲದೆ ಪ್ರವೇಶವಿಲ್ಲ, ಒಣಗಿದ ಕಡ್ಡಿಯನ್ನೂ ಹೊರಗೆ ತರುವಂತಿಲ್ಲ. ಅಯ್ಯಪ್ಪನ ದೇವರಕಾಡಾಗಿದ್ದರೆ ಮರದ ಬುಡದಲ್ಲಿ ಹರಕೆಯ ಮಣ್ಣಿನ ನಾಯಿಗಳು ಸಾಲಾಗಿ ಕುಳಿತಿರುತ್ತವೆ. ಕೆಲವಕ್ಕೆ ಕಿವಿ ಮುರಿದಿರುತ್ತದೆ, ಕೆಲವು ಪಾಚಿ ಹಿಡಿದು ಹಸಿರಾಗಿರುತ್ತವೆ. ಮಗ ಒಂದನ್ನು ಎತ್ತಿಕೊಳ್ಳದಂತೆ ನೋಡಿಕೊಳ್ಳಿ.

ಯಾವಾಗ ಬರಬೇಕೆಂದರೆ, ನಿಮ್ಮಂಥವರಿಗೆ ಅಕ್ಟೋಬರ್ ಕೊನೆಯಿಂದ ಜನವರಿಯವರೆಗಿನ ಕಾಲವನ್ನೇ ಹೇಳುವೆ. ತೊರೆಗಳಲ್ಲಿ ನೀರು ಉಳಿದಿರುತ್ತದೆ, ದಾರಿ ಒಣಗಿರುತ್ತದೆ. ಮಾರ್ಚ್–ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಎಂಟು–ಹತ್ತು ದಿನಗಳಿಗೆ ಕಾಫಿ ಹೂ ಬಿಡುತ್ತದೆ. ಗಿಡದ ಗೆಣ್ಣುಗೆಣ್ಣಿಗೂ ಬಿಳಿ ಗೊಂಚಲು, ಮಲ್ಲಿಗೆಯನ್ನು ಹೋಲುವ ಪರಿಮಳ, ತೋಟದ ತುಂಬ ಜೇನ್ನೊಣಗಳ ಮೊರೆತ. ಅದನ್ನು ನೋಡಲು ಬಂದರೆ ದಿನ ಗೊತ್ತುಮಾಡಿಕೊಂಡು ಬರಲಾಗದು, ಮಳೆ ಬಿತ್ತೆಂಬ ಫೋನ್ ಬಂದ ಮೇಲೆ ಹೊರಡಬೇಕು. ಅದೇ ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯದಿಂದ ಅರಣ್ಯದ ದಾರಿಗಳನ್ನು ಮುಚ್ಚುವುದೂ ಉಂಟು.

ಮಳೆಗಾಲದ ಕೊಡಗು ಚಿತ್ರದಲ್ಲಿ ಚೆಂದ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಮುತ್ತ ಬೆಟ್ಟಗಳೇ ಕುಸಿದು ಊರುಗಳನ್ನು ಎಳೆದುಕೊಂಡು ಹೋದದ್ದನ್ನು ಕಂಡ ಮೇಲೆ, ಹಿರಿಯರನ್ನೂ ಮಕ್ಕಳನ್ನೂ ಕರೆದುಕೊಂಡು ಆ ತಿಂಗಳುಗಳಲ್ಲಿ ನಡೆಯಲು ಬನ್ನಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆ ಕಾಲದ ಇನ್ನೊಂದು ಉಪದ್ರವ ಇಂಬಳ, ಅಂದರೆ ನೆಲದ ಜಿಗಣೆ. ಒಣ ಎಲೆಯ ತುದಿಯಲ್ಲಿ ದಾರದ ತುಂಡಿನಂತೆ ಎದ್ದು ನಿಂತು, ಕಾಲಿನ ಶಾಖದತ್ತ ತೂಗಾಡಿ, ಷೂಸಿನ ಲೇಸಿನ ಸಂದಿಯಲ್ಲಿ ನುಸುಳುತ್ತದೆ. ಕಚ್ಚಿದ್ದು ತಿಳಿಯುವುದೇ ಇಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸವನ್ನು ಅದು ಬಿಡುವುದರಿಂದ, ಉದುರಿಹೋದ ಮೇಲೂ ಬಹಳ ಹೊತ್ತು ರಕ್ತ ಸೋರುತ್ತಿರುತ್ತದೆ. ಮಕ್ಕಳು ಹೆದರುವುದು ಅದನ್ನು ಕಂಡು, ನೋವಿಗಲ್ಲ. ಕಾಲುಚೀಲದೊಳಗೆ ಪ್ಯಾಂಟು ಸಿಕ್ಕಿಸಿ, ಮೇಲೆ ಬೇವಿನ ಎಣ್ಣೆ ಹಚ್ಚಿದರೆ ಮುಕ್ಕಾಲು ಪಾಲು ತಪ್ಪುತ್ತದೆ. ಹತ್ತಿಕೊಂಡದ್ದನ್ನು ಕಿತ್ತೆಳೆಯದೆ ಉಗುರಿನಿಂದ ಮೆಲ್ಲಗೆ ಸರಿಸಿ ಬಿಡಿಸಿ, ಗಾಯವನ್ನು ಸಾಬೂನಿನಿಂದ ತೊಳೆದರೆ ಸಾಕು.

ಅಷ್ಟಾಗಿಯೂ ರಜೆ ಸಿಕ್ಕಿದ್ದು ಜುಲೈಯಲ್ಲೇ ಎಂದಾದರೆ ಮಡಿಕೇರಿ ಪೇಟೆಯನ್ನೇ ನಡೆದು ನೋಡಿ. ಕೋಟೆಯೊಳಗಿನ ಗಾರೆಯ ಜೋಡಿ ಆನೆಗಳಿಂದ ಶುರುಮಾಡಿ, 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನದ ಕೆರೆಯಂಚಿನಲ್ಲಿ ಸ್ವಲ್ಪ ಹೊತ್ತು ಕುಳಿತು, ಮಂಜು ಸರಿದರೆ ರಾಜಾಸೀಟಿನವರೆಗೆ ಹೋಗಬಹುದು. ಸರಿಯದಿದ್ದರೆ ಅಲ್ಲೇ ಪಕ್ಕದ ಹೋಟೆಲಿಗೆ. ಇಂಬಳವೂ ಇಲ್ಲ, ಆನೆಯೆಂದರೆ ಆ ಗಾರೆಯ ಜೋಡಿಯಷ್ಟೇ. ಕೊಡೆ ಮಾತ್ರ ದೊಡ್ಡದನ್ನೇ ತನ್ನಿ, ಮಡಚಿ ಕೈಚೀಲದಲ್ಲಿಡುವಂಥದ್ದು ಮಡಿಕೇರಿಯ ಗಾಳಿಗೆ ಎರಡನೆಯ ತಿರುವಿನಲ್ಲೇ ಮಗುಚಿಕೊಳ್ಳುತ್ತದೆ.