ಅಪೆಲೇಶನ್: ಬಾಟಲಿಯ ಮೇಲೆ ದ್ರಾಕ್ಷಿಯ ಬದಲು ಊರಿನ ಹೆಸರು ಯಾಕೆ?

ಫ್ರಾನ್ಸಿನ ಶಾಬ್ಲಿ ವೈನಿನ ಒಂದು ಬಾಟಲಿ ಕೈಗೆ ತಗೊಳ್ಳಿ. ಲೇಬಲ್ ಮೇಲೆ ದಪ್ಪಕ್ಷರದಲ್ಲಿ ‘ಶಾಬ್ಲಿ’ ಅಂತಿದೆ. ಅದರ ಕೆಳಗೆ ಸಣ್ಣಕ್ಷರದಲ್ಲಿ ‘ಅಪೆಲಾಸಿಯೋಂ ಶಾಬ್ಲಿ ಕೋಂತ್ರೊಲೆ’. ಇಸವಿ ಇದೆ, ಮಾಡಿದವರ ಹೆಸರಿದೆ, 750 ಮಿಲಿ ಅಂತಿದೆ, ಆಲ್ಕೋಹಾಲ್ ಎಷ್ಟು ಅಂತಲೂ ಇದೆ. ಯಾವ ದ್ರಾಕ್ಷಿ? ಅದು ಮಾತ್ರ ಇಲ್ಲ. ಬಾಟಲಿ ತಿರುಗಿಸಿ ಹಿಂದೆ ಹುಡುಕಿದರೂ ಎಷ್ಟೋ ಸಲ ಸಿಗುವುದಿಲ್ಲ.

ನನ್ನ ಗೆಳೆಯನೊಬ್ಬ ಒಮ್ಮೆ ಅಂಗಡಿಯಲ್ಲಿ ನಿಂತು, ‘ನಂಗೆ ಶಾರ್ಡೊನೆ ಆಗಲ್ಲಪ್ಪ, ಬಾಯೆಲ್ಲಾ ಬೆಣ್ಣೆ ಮೆತ್ತಿದ ಹಾಗಾಗುತ್ತೆ. ಶಾಬ್ಲಿ ತಗೊಳ್ಳೋಣ’ ಅಂದ. ನಾನೂ ತಿಳಿದವನ ಹಾಗೆ ತಲೆ ಆಡಿಸಿದೆ. ಶಾಬ್ಲಿ ಅಂದರೆ ನೂರಕ್ಕೆ ನೂರು ಶಾರ್ಡೊನೆ ದ್ರಾಕ್ಷಿಯದೇ ವೈನ್ ಅಂತ ಇಬ್ಬರಿಗೂ ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ. ಆದರೆ ಅವನ ನಾಲಿಗೆ ತಪ್ಪು ಹೇಳಿರಲಿಲ್ಲ. ಶಾಬ್ಲಿ ಇರುವುದು ಚಳಿಯ ಜಾಗದಲ್ಲಿ. ಅಲ್ಲಿನ ಸುಣ್ಣದ ಮಣ್ಣಿನಲ್ಲಿ ಪುಟ್ಟ ಪುಟ್ಟ ಸಿಂಪಿಯ ಚಿಪ್ಪುಗಳು ಕಲ್ಲಾಗಿ ಕೂತಿವೆ. ಹೆಚ್ಚಿನವರು ಹೊಸ ಓಕ್ ಪೀಪಾಯಿಗೆ ವೈನ್ ತುಂಬಲು ಹೋಗುವುದಿಲ್ಲ. ಹಾಗಾಗಿ ಅದೇ ದ್ರಾಕ್ಷಿ ಅಲ್ಲಿ ಬೆಣ್ಣೆಯಾಗುವ ಬದಲು ನಿಂಬೆಯಷ್ಟು ಚುರುಕಾಗುತ್ತದೆ. ಬಾಟಲಿ ಮೇಲಿನ ಊರಿನ ಹೆಸರು ಹೇಳುತ್ತಿರುವುದು ಇಷ್ಟನ್ನೂ. ಹೀಗೆ ಊರಿನ ಹೆಸರಿಗೆ ಕಾನೂನಿನ ಬೇಲಿ ಹಾಕಿ, ಅದನ್ನೇ ವೈನಿನ ಹೆಸರು ಮಾಡುವುದಕ್ಕೆ ‘ಅಪೆಲೇಶನ್’ ಅನ್ನುತ್ತಾರೆ. ಫ್ರೆಂಚಿನಲ್ಲಿ ‘ಅಪೆಲೆ’ ಅಂದರೆ ಕರೆಯುವುದು. ಅಪೆಲಾಸಿಯೋಂ ಅಂದರೆ ಕರೆಯುವ ಹೆಸರು, ಅಷ್ಟೇ.

ನಮಗೆ ಇದು ಅಷ್ಟೇನೂ ಹೊಸದಲ್ಲ. ಮೆಣಸಿನಕಾಯಿ ಅಂಗಡಿಯಲ್ಲಿ ನಾವು ತಳಿಯ ಹೆಸರು ಹೇಳಿ ಕೇಳುತ್ತೇವಾ? ‘ಬ್ಯಾಡಗಿ ಕೊಡಿ’ ಅಂತೀವಿ. ಬ್ಯಾಡಗಿ ಹಾವೇರಿ ಜಿಲ್ಲೆಯ ಒಂದು ಊರು. ಆದರೆ ಆ ಹೆಸರು ಕೇಳಿದ ಕೂಡಲೇ ಕೆಂಪು ಜಾಸ್ತಿ, ಖಾರ ಕಮ್ಮಿ, ಸಿಪ್ಪೆ ಸುಕ್ಕುಸುಕ್ಕು ಅಂತ ಎಲ್ಲವೂ ಮನಸ್ಸಿಗೆ ಬಂದುಬಿಡುತ್ತದೆ. ನಂಜನಗೂಡು ರಸಬಾಳೆ, ಮಟ್ಟು ಗುಳ್ಳ, ಮೈಸೂರು ಮಲ್ಲಿಗೆ ಎಲ್ಲವೂ ಹೀಗೇ. ಇವಕ್ಕೆಲ್ಲ ಈಗ ಜಿಐ ಟ್ಯಾಗ್ ಇದೆ, ಅಂದರೆ ಇಂಥ ಜಾಗದ್ದೇ ಅನ್ನುವ ಕಾನೂನಿನ ಗುರುತು. ಅಪೆಲೇಶನ್ ಈ ಜಿಐಗೆ ದೊಡ್ಡಣ್ಣ ಇದ್ದ ಹಾಗೆ, ಸ್ವಲ್ಪ ಜಾಸ್ತಿ ಕಟ್ಟುನಿಟ್ಟಿನ ಅಣ್ಣ.

ಎಷ್ಟು ಕಟ್ಟುನಿಟ್ಟು ಅಂತ ನೋಡಬೇಕಾದರೆ ದಕ್ಷಿಣ ಫ್ರಾನ್ಸಿನ ಶಾತೊನಫ್-ದ್ಯು-ಪಾಪ್ ಊರಿಗೆ ಹೋಗಬೇಕು. ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ಫಿಲಾಕ್ಸೆರಾ ಅನ್ನುವ ಸಣ್ಣ ಹುಳ ಫ್ರಾನ್ಸಿನ ದ್ರಾಕ್ಷಿ ಬಳ್ಳಿಗಳ ಬೇರು ತಿಂದು ತೋಟಕ್ಕೆ ತೋಟವನ್ನೇ ಒಣಗಿಸಿತ್ತು. ವೈನ್ ಸಾಲದೆ ಬಂತು. ಸಾಲದೆ ಬಂದಾಗ ಕಲಬೆರಕೆ ಬಂತು. ಒಣದ್ರಾಕ್ಷಿ ನೆನೆಸಿ ವೈನ್ ಮಾಡಿದರು, ಸಕ್ಕರೆ ನೀರು ಬೆರೆಸಿದರು, ಬೇರೆ ಕಡೆಯಿಂದ ತಂದ ವೈನಿಗೆ ಹೆಸರಾದ ಊರಿನ ಲೇಬಲ್ ಅಂಟಿಸಿದರು. 1911ರಲ್ಲಿ ಶಾಂಪೇನ್ ಸೀಮೆಯ ರೈತರು ಹೊರಗಿನ ದ್ರಾಕ್ಷಿ ತರಿಸುತ್ತಿದ್ದ ವ್ಯಾಪಾರಿಗಳ ಮೇಲೆ ಸಿಟ್ಟಿಗೆದ್ದು ಗಲಾಟೆಯನ್ನೇ ಮಾಡಿದರು.

ಶಾತೊನಫ್‌ನಲ್ಲಿ ಇದಕ್ಕೆ ದಾರಿ ಹುಡುಕಿದವನು ಬ್ಯಾರನ್ ಪಿಯೆರ್ ಲ ರುವಾ. ಕಾನೂನು ಓದಿದವನು, ಮೊದಲ ಮಹಾಯುದ್ಧದಲ್ಲಿ ವಿಮಾನ ಹಾರಿಸಿದವನು, ಆಮೇಲೆ ದ್ರಾಕ್ಷಿ ತೋಟ ನೋಡಿಕೊಂಡವನು. 1920ರ ದಶಕದಲ್ಲಿ ಅವನು ಊರಿನ ವೈನಿಗೆ ನಿಯಮ ಬರೆದ. ಯಾವ ಜಮೀನು ಸೇರಬೇಕು, ಯಾವುದು ಬೇಡ? ಅವನ ಅಳತೆಗೋಲು ನನಗೆ ತುಂಬಾ ಇಷ್ಟ. ಥೈಮ್ ಮತ್ತು ಲ್ಯಾವೆಂಡರ್ ಗಿಡ ಎರಡೂ ಬೆಳೆಯುವಂಥ ಒಣ ನೆಲವಾದರೆ ಸರಿ, ಇಲ್ಲದಿದ್ದರೆ ಇಲ್ಲ. ಹಳ್ಳಿಯ ಯಜಮಾನರು ನೆಲ ನೋಡಿ ಬೆಳೆ ಹೇಳುವ ರೀತಿಯೇ ಇದು, ಅಲ್ವಾ?

ಅವನೂ ಸೆನೆಟರ್ ಜೋಸೆಫ್ ಕಾಪ್ಯುವೂ ಪಟ್ಟು ಹಿಡಿದಿದ್ದರಿಂದ 1935ರಲ್ಲಿ ಇದು ಇಡೀ ದೇಶದ ಕಾನೂನಾಯಿತು. ಮರುವರ್ಷ ಮೊದಲ ಅಪೆಲೇಶನ್‌ಗಳು ಬಂದವು. ಮೊದಲ ಪಟ್ಟಿಯಲ್ಲೇ ಶಾತೊನಫ್ ಇತ್ತು. ಇವತ್ತಿಗೂ ಅಲ್ಲಿ ದ್ರಾಕ್ಷಿ ಕೈಯಲ್ಲೇ ಕೀಳಬೇಕು, ಯಂತ್ರ ಬಿಡುವ ಹಾಗಿಲ್ಲ. ಆಲ್ಕೋಹಾಲ್ 12.5%ಕ್ಕಿಂತ ಕಡಿಮೆ ಇರಬಾರದು. ಒಂದು ಹೆಕ್ಟೇರಿಗೆ 3,500 ಲೀಟರ್‌ಗಿಂತ ಜಾಸ್ತಿ ವೈನ್ ತೆಗೆಯುವಂತಿಲ್ಲ. ನಮ್ಮ ಲೆಕ್ಕದಲ್ಲಿ ಎಕರೆಗೆ ಸುಮಾರು 1,400 ಲೀಟರ್ ಆಯಿತು. ಇಳುವರಿ ಜಾಸ್ತಿ ಮಾಡು ಅನ್ನುವುದು ಎಲ್ಲ ಕಡೆಯ ಮಾತು, ಕಡಿಮೆ ಮಾಡು ಅನ್ನುವ ಕಾನೂನು ಇದು. (ಅಂದ ಹಾಗೆ, 1954ರಲ್ಲಿ ಇದೇ ಊರಿನ ಮೇಯರ್ ಹಾರುವ ತಟ್ಟೆಗಳು ನಮ್ಮೂರಿನಲ್ಲಿ ಇಳಿಯಬಾರದು ಅಂತಲೂ ಆದೇಶ ಹೊರಡಿಸಿದ್ದ. ಇಲ್ಲಿಯವರೆಗೆ ಯಾವ ತಟ್ಟೆಯೂ ಅದನ್ನು ಮೀರಿದ ಸುದ್ದಿಯಿಲ್ಲ.)

ಈಗ ಮತ್ತೆ ಆ ಸಣ್ಣಕ್ಷರದ ಸಾಲಿಗೆ ಬನ್ನಿ. ‘ಅಪೆಲಾಸಿಯೋಂ’ ಮತ್ತು ‘ಕೋಂತ್ರೊಲೆ’ ನಡುವೆ ಏನು ಬರೆದಿದೆಯೋ ಅದೇ ಜಾಗದ ಹೆಸರು. ಅಲ್ಲಿ ‘ಬೋರ್ಗೊಞ್’ (ಇಂಗ್ಲಿಷಿನಲ್ಲಿ ಬರ್ಗಂಡಿ) ಅಂತಿದ್ದರೆ ಇಡೀ ಸೀಮೆಯ ಯಾವ ಮೂಲೆಯ ದ್ರಾಕ್ಷಿಯೂ ಇರಬಹುದು. ‘ಜೆವ್ರೆ-ಶಾಂಬರ್ತ್ಯಾಂ’ ಅಂತಿದ್ದರೆ ಒಂದೇ ಊರಿನ ಸುತ್ತಿನದು. ಬರೀ ‘ಶಾಂಬರ್ತ್ಯಾಂ’ ಅಂತಿದ್ದರೆ ಆ ಊರಿನ ಒಂದೇ ಒಂದು ತೋಟದ್ದು. ಬೇಲಿ ಚಿಕ್ಕದಾದಷ್ಟೂ ಬೆಲೆ ದೊಡ್ಡದು. ಇನ್ನೂ ಒಂದು ತಮಾಷೆ ಏನಪ್ಪಾ ಅಂದರೆ, ಆ ಊರಿನ ಹೆಸರು ಮೊದಲು ಸುಮ್ನೆ ಜೆವ್ರೆ ಅಂತಲೇ ಇತ್ತು. ಶಾಂಬರ್ತ್ಯಾಂ ತೋಟದ ವೈನಿಗೆ ಹೆಸರು ಬಂದಿದ್ದರಿಂದ 1847ರಲ್ಲಿ ಊರೇ ತೋಟದ ಹೆಸರನ್ನು ತನ್ನ ಹೆಸರಿಗೆ ಜೋಡಿಸಿಕೊಂಡಿತು. ಹಾಗಾಗಿ ಅವಸರದಲ್ಲಿ ಓದಿದರೆ ಊರಿನ ವೈನ್ ಯಾವುದು, ತೋಟದ ವೈನ್ ಯಾವುದು ಅಂತ ಗೊಂದಲವಾಗಿ ಕೈಯಲ್ಲಿದ್ದ ದುಡ್ಡು ಹೋಗುತ್ತದೆ.

ಇಟಲಿಯವರು ಕಾನೂನು ತಂದಿದ್ದು 1963ರಲ್ಲಿ. ಅಲ್ಲಿ ಇದಕ್ಕೆ ‘ಡಿಒಸಿ’ ಅಂತ ಹೆಸರು, ಇನ್ನೂ ಬಿಗಿಯಾದ ಮೇಲಿನ ದರ್ಜೆಗೆ ‘ಡಿಒಸಿಜಿ’. ಕಾನೂನು ತಡವಾಗಿ ಬಂದರೂ ಊರಿನ ಹೆಸರಿನ ಜಗಳ ಅಲ್ಲಿ ತುಂಬಾ ಹಳೆಯದು. ಟಸ್ಕನಿಯ ದೊರೆ ಮೂರನೇ ಕೋಸಿಮೊ 1716ರಲ್ಲೇ ಕಿಯಾಂಟಿ ಅಂದರೆ ಎಲ್ಲಿಂದ ಎಲ್ಲಿಯವರೆಗೆ ಅಂತ ಗಡಿ ಹಾಕಿದ್ದ. ಆಮೇಲೆ ಆ ಹೆಸರಿಗೆ ಬೆಲೆ ಬಂದು, 1932ರಲ್ಲಿ ಗಡಿಯನ್ನು ಬಹಳ ದೂರದವರೆಗೆ ಹಿಗ್ಗಿಸಿದರು. ಹಳೇ ಕಿಯಾಂಟಿಯವರು ತಮ್ಮದು ‘ಕಿಯಾಂಟಿ ಕ್ಲಾಸಿಕೊ’ ಅಂತ ಬೇರೆ ಗುರುತು ಇಟ್ಟುಕೊಂಡರು. ಅವರ ಬಾಟಲಿಯ ಕತ್ತಿನ ಮೇಲೆ ಒಂದು ಕಪ್ಪು ಹುಂಜದ ಚಿತ್ರ ಇರುತ್ತದೆ.

ಆ ಹುಂಜಕ್ಕೊಂದು ಕಥೆಯಿದೆ. ಫ್ಲಾರೆನ್ಸ್ ಮತ್ತು ಸಿಯೆನಾ ಊರುಗಳಿಗೆ ಗಡಿ ಜಗಳ. ಎರಡೂ ಕಡೆಯಿಂದ ಒಬ್ಬೊಬ್ಬ ಸವಾರ ಬೆಳಗ್ಗೆ ಹುಂಜ ಕೂಗಿದಾಗ ಹೊರಡಬೇಕು, ಇಬ್ಬರೂ ಎದುರಾದ ಜಾಗವೇ ಗಡಿ ಅಂತ ಒಪ್ಪಂದವಾಯಿತು. ಸಿಯೆನಾದವರು ಬಿಳಿ ಹುಂಜವನ್ನು ಚೆನ್ನಾಗಿ ತಿನ್ನಿಸಿ ಮಲಗಿಸಿದರು. ಫ್ಲಾರೆನ್ಸಿನವರು ಕಪ್ಪು ಹುಂಜವನ್ನು ಉಪವಾಸ ಕೆಡವಿದರು. ಹಸಿದ ಹುಂಜ ಬೆಳಕು ಹರಿಯುವ ಎಷ್ಟೋ ಮುಂಚೆಯೇ ಕೂಗಿತು, ಅವರ ಸವಾರ ಸಿಯೆನಾದ ಬಾಗಿಲ ಹತ್ತಿರದವರೆಗೂ ಬಂದುಬಿಟ್ಟ. ನಿಜವೋ ಸುಳ್ಳೋ, ಅಂಗಡಿಯಲ್ಲಿ ಕಿಯಾಂಟಿ ಕ್ಲಾಸಿಕೊ ಗುರುತಿಸಲು ಆ ಹುಂಜ ಸಾಕು. ಒಳಗಿರುವ ಮುಖ್ಯ ದ್ರಾಕ್ಷಿ ಸಾಂಜೊವೇಸೆ. ಕ್ಲಾಸಿಕೊದಲ್ಲಿ ಅದು ಕನಿಷ್ಠ 80% ಇರಲೇಬೇಕು.

ಇಟಲಿಯಲ್ಲಿ ಓದುವವರನ್ನು ಬೇಸ್ತು ಬೀಳಿಸುವ ಹೆಸರು ಅಂದರೆ ಮೊಂತೆಪುಲ್ಚಾನೊ. ‘ವೀನೊ ನೋಬಿಲೆ ದಿ ಮೊಂತೆಪುಲ್ಚಾನೊ’ದಲ್ಲಿ ಅದು ಟಸ್ಕನಿಯ ಒಂದು ಊರು, ದ್ರಾಕ್ಷಿ ಮುಖ್ಯವಾಗಿ ಸಾಂಜೊವೇಸೆ. ‘ಮೊಂತೆಪುಲ್ಚಾನೊ ದಬ್ರುತ್ಸೊ’ದಲ್ಲಿ ಅದು ದ್ರಾಕ್ಷಿಯ ಹೆಸರು, ಅಬ್ರುತ್ಸೊ ಅನ್ನುವುದು ಜಾಗ. ಎರಡಕ್ಕೂ ರುಚಿಯಲ್ಲಿ ನಂಟಿಲ್ಲ, ಬೆಲೆಯಲ್ಲಂತೂ ಇಲ್ಲವೇ ಇಲ್ಲ. ಒಂದು ಸುಳಿವು ಹೇಳುತ್ತೇನೆ: ‘ದಿ’ ಅಥವಾ ‘ದ’ ಆದಮೇಲೆ ಬರುವುದು ಸಾಮಾನ್ಯವಾಗಿ ಜಾಗ. ಬಾರ್ಬೆರಾ ದಾಸ್ತಿ ಅಂದರೆ ಆಸ್ತಿ ಊರಿನ ಕಡೆಯ ಬಾರ್ಬೆರಾ ದ್ರಾಕ್ಷಿ. ನಮ್ಮ ಆಸ್ತಿಪಾಸ್ತಿಗೂ ಅದಕ್ಕೂ ಸಂಬಂಧ ಇಲ್ಲ.

ಪ್ರೊಸೆಕ್ಕೊ ಕಥೆ ಇನ್ನೂ ಮಜಾ. ಅದು ಮೊದಲು ದ್ರಾಕ್ಷಿಯ ಹೆಸರು. ದ್ರಾಕ್ಷಿಯ ಹೆಸರಾದರೆ ಜಗತ್ತಿನ ಯಾರು ಬೇಕಾದರೂ ಆ ದ್ರಾಕ್ಷಿ ಬೆಳೆದು ಬಾಟಲಿ ಮೇಲೆ ಪ್ರೊಸೆಕ್ಕೊ ಅಂತ ಬರೆಯಬಹುದು. ಹಾಗಾಗಿ 2009ರಲ್ಲಿ ಇಟಲಿಯವರು ದ್ರಾಕ್ಷಿಗೆ ‘ಗ್ಲೇರಾ’ ಅನ್ನುವ ಬೇರೆ ಹೆಸರು ಕೊಟ್ಟರು. ತ್ರಿಯೆಸ್ತೆ ಹತ್ತಿರ ಪ್ರೊಸೆಕ್ಕೊ ಅಂತ ಒಂದು ಹಳ್ಳಿ ಹೇಗೂ ಇತ್ತಲ್ಲ, ಅದನ್ನೂ ಸೇರಿಸಿ ಗಡಿ ಎಳೆದು, ಪ್ರೊಸೆಕ್ಕೊ ಅಂದರೆ ಜಾಗ ಅಂತ ಮಾಡಿಬಿಟ್ಟರು. ಅಪೆಲೇಶನ್ ಅನ್ನುವುದರ ಹಿಂದೆ ಮಣ್ಣಿನ ಗುಣದ ಜೊತೆ ವ್ಯಾಪಾರದ ಲೆಕ್ಕವೂ ಇರುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹಾಗಂತ ಅಪೆಲೇಶನ್ ಇಲ್ಲದ್ದೆಲ್ಲ ಕಳಪೆ ಅಂದುಕೊಳ್ಳಬೇಡಿ. ಟಸ್ಕನಿಯ ಸಾಸಿಕಾಯಾ ವೈನನ್ನು ಮುಖ್ಯವಾಗಿ ಹೊರಗಿನ ದ್ರಾಕ್ಷಿಯಾದ ಕ್ಯಾಬರ್ನೆ ಸಾವಿನ್ಯೋಂದಿಂದ ಮಾಡುತ್ತಾರೆ. ಮಾರಾಟಕ್ಕೆ ಬಂದ ಅದರ ಮೊದಲ ಇಸವಿ 1968. ಆಗಿನ ನಿಯಮದ ಯಾವ ಚೌಕಟ್ಟಿಗೂ ಅದು ಕೂರಲಿಲ್ಲ. ಹಾಗಾಗಿ ‘ವೀನೊ ದ ತಾವೊಲಾ’, ಅಂದರೆ ಊಟದ ಮೇಜಿನ ಸಾದಾ ವೈನ್, ಅನ್ನುವ ತೀರಾ ಕೆಳಗಿನ ದರ್ಜೆಯ ಹೆಸರಿನಲ್ಲೇ ವರ್ಷಗಟ್ಟಲೆ ಮಾರಾಟವಾಯಿತು. ಬೆಲೆ ಮಾತ್ರ ಮೇಲಿನ ದರ್ಜೆಯವರೆಲ್ಲ ಕಣ್ಣು ಬಿಡುವಷ್ಟು. ಕೊನೆಗೆ ಕಾನೂನೇ ಅದಕ್ಕೆ ಜಾಗ ಮಾಡಿಕೊಡಬೇಕಾಯಿತು. ಅಪೆಲೇಶನ್ ರುಚಿಗೆ ಗ್ಯಾರಂಟಿ ಕೊಡುವುದಿಲ್ಲ. ಇದು ಎಂಥ ವೈನ್ ಅಂತ ಹೇಳುತ್ತದೆ, ಅಷ್ಟೇ. ಅದೇ ಊರಿನಲ್ಲಿ ಚೆನ್ನಾಗಿ ಮಾಡುವವರೂ ಇರುತ್ತಾರೆ, ಹೆಸರಿನ ಮೇಲೆ ಕೂತು ಉಣ್ಣುವವರೂ ಇರುತ್ತಾರೆ.

ನಮ್ಮ ಕಡೆ ಏನು ಕಥೆ? ನಾಸಿಕ್ ಕಣಿವೆಯ ವೈನಿಗೆ ಜಿಐ ಇದೆ. ಬೆಂಗಳೂರು ನೀಲಿ ದ್ರಾಕ್ಷಿಗೂ ಇದೆ, ಆದರೆ ಅದು ಹಣ್ಣಿಗೆ. ನಂದಿ ಬೆಟ್ಟದ ಬುಡದಲ್ಲಿ ಮಾಡುವ ಒಳ್ಳೊಳ್ಳೆಯ ಬಾಟಲಿಗಳ ಮೇಲೆ ಕ್ಯಾಬರ್ನೆ, ಶಿರಾಜ್ ಅಂತ ದ್ರಾಕ್ಷಿಯ ಹೆಸರೇ ಎದ್ದು ಕಾಣುತ್ತದೆ. ಬರೀ ‘ನಂದಿ’ ಅಂದರೆ ಜನಕ್ಕೆ ರುಚಿ ನೆನಪಾಗುವುದು ಇನ್ನೂ ದೂರ ಇದೆ.

ಸರಿ, ರಾತ್ರಿ ಊಟಕ್ಕೆ ಇದರಿಂದ ಏನು ಉಪಯೋಗ? ಅಂಗಡಿಯಲ್ಲಿ ನಾನು ನೋಡುವುದು ಎರಡೇ ರುಚಿ, ಹುಳಿ ಮತ್ತು ಒಗರು. ಕೆಂಪು ವೈನ್ ಕುಡಿದಾಗ ನಾಲಿಗೆ ಎಳೆದ ಹಾಗಾಗುತ್ತದಲ್ಲ, ಎಳೆ ಬಾಳೆಕಾಯಿ ಕಚ್ಚಿದಾಗ, ಅಡಿಕೆ ಅಗಿದಾಗ ಆಗುವ ಹಾಗೆ, ಅದೇ ಒಗರು. ವೈನಿನವರು ಟ್ಯಾನಿನ್ ಅನ್ನುತ್ತಾರೆ. ಇಟಲಿಯ ಕೆಂಪು ವೈನ್ ಬರೋಲೊದಲ್ಲಿ ಅದು ಸಿಕ್ಕಾಪಟ್ಟೆ. 38 ತಿಂಗಳು ಇಟ್ಟೇ ಮಾರಬೇಕು ಅನ್ನುವ ನಿಯಮ ಸುಮ್ನೆ ಬಂದಿಲ್ಲ. ಅದಕ್ಕೆ ಕೊಬ್ಬಿರುವ ಮಾಂಸವೋ ಗಟ್ಟಿ ಚೀಸೋ ಜೊತೆಗಿರಬೇಕು. ಫ್ರಾನ್ಸಿನ ಕೆಂಪು ವೈನ್ ಬೊಜೊಲೆಯಲ್ಲಿ ಒಗರು ಕಡಿಮೆ, ಹಣ್ಣಿನ ರುಚಿ ಜಾಸ್ತಿ. ಗಾಮೆ ದ್ರಾಕ್ಷಿಯ ಗುಣ ಅದು. ಮನೆಯಲ್ಲಿ ಕೋಳಿ ಹುರಿದ ದಿನ ನನಗೆ ಅದೇ ಸಾಕು. ಟೊಮೆಟೊ ಹಾಕಿದ ಪಾಸ್ತಾಕ್ಕೆ ಕಿಯಾಂಟಿ ಅಥವಾ ಬಾರ್ಬೆರಾ. ಹುಳಿಗೆ ಹುಳಿಯೇ ಹೊಂದುತ್ತದೆ. ಹುಳಿಯಿಲ್ಲದ ವೈನ್ ಅಲ್ಲಿ ಸಪ್ಪೆ ಅನ್ನಿಸುತ್ತದೆ. ಮೀನಿಗೆ ಶಾಬ್ಲಿ, ಸ್ವಲ್ಪ ಕಮ್ಮಿ ಬೆಲೆಗೆ ಫ್ರಾನ್ಸಿನದೇ ಬಿಳಿ ವೈನ್ ಮ್ಯುಸ್ಕಾದೆ ಅಥವಾ ಇಟಲಿಯ ಸೊವಾವೆ.

ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲೇ ಕುಡಿಯಬೇಕು ಅನ್ನುವ ಮಾತನ್ನು ಬೆಂಗಳೂರಿನ ಏಪ್ರಿಲ್‌ನಲ್ಲಿ ನಂಬಬೇಡಿ. ಆ ಮಾತು ಹುಟ್ಟಿದ್ದು 16–18 ಡಿಗ್ರಿ ಇರುವ ಕಲ್ಲಿನ ಮನೆಗಳಲ್ಲಿ. ನಮ್ಮ ಅಡುಗೆಮನೆಯಲ್ಲಿ ಇಟ್ಟ ಬಾಟಲಿಯಾದರೆ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ತೆಗೆಯಿರಿ, ಘಾಟು ಇಳಿಯುತ್ತದೆ.

ನಮ್ಮ ಖಾರದ ಅಡುಗೆಗೆ? ಒಗರೂ ಆಲ್ಕೋಹಾಲೂ ಖಾರವನ್ನು ಇನ್ನೂ ಕೆರಳಿಸುತ್ತವೆ. ಹಾಗಾಗಿ ಕೋಳಿ ಸಾರಿನ ಜೊತೆ ಬರೋಲೊ ತೆಗೆದರೆ ಸಾರೂ ಹೋಯಿತು, ವೈನೂ ಹೋಯಿತು. ತುಸು ಸಿಹಿ ಉಳಿದಿರುವ ಅಲ್ಸಾಸಿನ ಬಿಳಿ ವೈನ್ ತಕ್ಕಮಟ್ಟಿಗೆ ಹೊಂದುತ್ತದೆ. ಫ್ರಾನ್ಸಿನಲ್ಲಿ ಲೇಬಲ್ ಮೇಲೆ ರೀಸ್ಲಿಂಗ್, ಗೆವುರ್ತ್ಸ್‌ಟ್ರಮಿನರ್ ಅಂತ ದ್ರಾಕ್ಷಿಯ ಹೆಸರನ್ನೇ ದೊಡ್ಡದಾಗಿ ಬರೆಯುವ ಸೀಮೆಯೂ ಅದೇ, ಅಷ್ಟರಮಟ್ಟಿಗೆ ಹುಡುಕುವುದು ಸುಲಭ. ಎಣ್ಣೆಗಾಯಿಯಂಥ ಶೇಂಗಾ ಎಳ್ಳಿನ ಮಸಾಲೆಗೆ, ಖಾರ ಹಿಡಿತದಲ್ಲಿದ್ದರೆ, ದಕ್ಷಿಣ ಫ್ರಾನ್ಸಿನ ಕೆಂಪು ವೈನ್ ಕೋತ್ ದ್ಯು ರೋನ್ ನಡೆಯುತ್ತದೆ. ಮೆಣಸಿನ ಸಾರು ಮಾಡಿದ ದಿನ ಮಾತ್ರ ನಾನು ಬಾಟಲಿ ಮುಟ್ಟುವುದಿಲ್ಲ. ಆ ದಿನಕ್ಕೆ ಮಜ್ಜಿಗೆ ಇದೆ.