ಖೊಟ್ಟಿ ನಾಣ್ಯದ ಒಗಟು ಅಂದರೆ ಏನು?

ಖೊಟ್ಟಿ ಅಂದರೆ ನಕಲಿ. ನಮ್ಮ ವಿಜಯಪುರದ ಕಡೆ ರೂಪಾಯಿಗೂ ಇದೇ ಮಾತು, ಸಹಿಗೂ ಇದೇ ಮಾತು. ಒಗಟು ಇಷ್ಟೇ: ನೋಡಲು ಒಂದೇ ಥರದ ನಾಣ್ಯಗಳಲ್ಲಿ ಒಂದು ಖೊಟ್ಟಿ, ತೂಕದಲ್ಲಿ ಮಾತ್ರ ವ್ಯತ್ಯಾಸ. ತೂಕದ ಕಲ್ಲು ಇಲ್ಲ, ಬರೀ ತಕ್ಕಡಿ. ಆದಷ್ಟು ಕಡಿಮೆ ಸಲ ತೂಗಿ ಅದನ್ನು ಹಿಡಿಯಬೇಕು.

ಚಿಕ್ಕವನಿದ್ದಾಗ ಸರಾಫ ಕೆಲಸ ಮಾಡುವ ನಮ್ಮ ಮಾವ ಒಂಬತ್ತು ಬೆಳ್ಳಿ ಗುಂಡು ಮುಂದಿಟ್ಟು, "ಒಂದು ಪೊಳ್ಳ ಐತಿ, ಎರಡ ಸಲ ತೂಗಿ ಹೇಳು" ಅಂದಿದ್ದರು. ನಾನು ಆ ಕಡೆ ನಾಲ್ಕು, ಈ ಕಡೆ ನಾಲ್ಕು ಹಾಕಿದೆ. ಒಂದು ತಟ್ಟೆ ಮೇಲೆ ಹೋಯಿತು, ಆ ನಾಲ್ಕರಲ್ಲಿ ಯಾವುದು ಅಂತ ಇನ್ನೊಂದೇ ತೂಕದಲ್ಲಿ ಹೇಳೋದು ಹೇಗೆ? ಮಾವ ನಕ್ಕು ಮೂರು-ಮೂರು ಹಾಕಿ, ಮೂರನ್ನು ಹೊರಗೇ ಬಿಟ್ಟರು. "ತೂಗಲಾರದ ಬಿಟ್ಟಿದ್ದೂ ತೂಗಿದಂಗ ಆತಲ್ಲೋ!" ಸರಿಸಮ ನಿಂತರೆ ಪೊಳ್ಳು ಹೊರಗಿದೆ, ಇಲ್ಲದಿದ್ದರೆ ಮೇಲೆ ಹೋದ ತಟ್ಟೆಯಲ್ಲಿದೆ. ಉಳಿದ ಮೂರರಲ್ಲೂ ಅದೇ ಆಟ.

ಗುಟ್ಟು ಇಲ್ಲೇ ಇದೆ. ತಕ್ಕಡಿ ಕೊಡೋದು ಎರಡಲ್ಲ, ಮೂರು ಉತ್ತರ. ಹಾಗಾಗಿ ಹಗುರ ಅಂತ ಮೊದಲೇ ಗೊತ್ತಿದ್ದರೆ ಎರಡು ತೂಕಕ್ಕೆ 9, ಮೂರಕ್ಕೆ 27, ನಾಲ್ಕಕ್ಕೆ 81 ನಾಣ್ಯ.

ಹಗುರವೋ ಭಾರವೋ ಅದೂ ಗೊತ್ತಿಲ್ಲ ಅಂದರೆ? ಆಗ ಬರುತ್ತದೆ ಹೆಸರಾದ 12 ನಾಣ್ಯದ ಒಗಟು, ತೂಗಲು ಮೂರೇ ಸಲ. ಇದು ಸುಮ್ನೆ ಬಗೆಹರಿಯೋದಲ್ಲ. ನಾಲ್ಕು-ನಾಲ್ಕು ತೂಗಿದಾಗ ಸಮ ಬರದಿದ್ದರೆ, ಎರಡನೇ ಸಲ ಕೆಲವನ್ನು ತೆಗೆದು, ಕೆಲವನ್ನು ಆ ತಟ್ಟೆಯಿಂದ ಈ ತಟ್ಟೆಗೆ ಹಾಕಬೇಕು, ಮುಳ್ಳು ಯಾರ ಜೊತೆ ತಿರುಗಿತು ಅಂತ ನೋಡಬೇಕು. 13 ಇದ್ದರೂ ಖೊಟ್ಟಿ ಸಿಗುತ್ತದೆ, ಆದರೆ ಒಮ್ಮೆಯೂ ತಟ್ಟೆ ಹತ್ತದ ನಾಣ್ಯವೇ ಖೊಟ್ಟಿಯಾದರೆ ಹಗುರವೋ ಭಾರವೋ ತಿಳಿಯೋದಿಲ್ಲ.

1945ರಲ್ಲಿ ಅಮೆರಿಕದ ಒಂದು ಗಣಿತ ಪತ್ರಿಕೆಯಲ್ಲಿ ಇ. ಡಿ. ಶೆಲ್ ಈ ಜಾತಿಯ ಲೆಕ್ಕ ಕೊಟ್ಟರು. ಮರುವರ್ಷ ಫ್ರೀಮನ್ ಡೈಸನ್ ಎಷ್ಟೇ ನಾಣ್ಯವಿದ್ದರೂ ನಡೆಯುವ ಉಪಾಯ ಬರೆದರು, ಹೌದು, ಅದೇ ಭೌತವಿಜ್ಞಾನಿ.

ಈಗ ಸಂತೆಯಲ್ಲೂ ಎಲೆಕ್ಟ್ರಾನಿಕ್ ಕಾಟಾ ಬಂದಿದೆ ಅಲ್ವಾ, ಅದಕ್ಕೆ ಒಗಟೇ ಬೇರೆ. ಹತ್ತು ಚೀಲ, ಒಂದು ಚೀಲದ ನಾಣ್ಯ ಎಲ್ಲಾ ಖೊಟ್ಟಿ, ಒಂದೊಂದೂ ಒಂದು ಗ್ರಾಂ ಕಡಿಮೆ. ಮೊದಲ ಚೀಲದಿಂದ ಒಂದು, ಎರಡನೆಯದರಿಂದ ಎರಡು, ಹೀಗೆ 55 ನಾಣ್ಯ ತೆಗೆದು ಒಂದೇ ಸಲ ಇಡಿ. ಏಳು ಗ್ರಾಂ ಕಡಿಮೆ ಬಂತಾ? ಏಳನೇ ಚೀಲ ಹಿಡಿಯಿರಿ.