‘ಸ್ಫೋಟಕ’ ಬೇರೆ, ‘ಸ್ಫೋಟಕ ವಸ್ತು’ ಬೇರೆ

ಶಿರಸಿ, ಸಿದ್ದಾಪುರದ ಕಡೆ ಕಾಡುಹಂದಿಗೆಂದು ಇಟ್ಟ ಮದ್ದಿನ ಉಂಡೆ ಕಚ್ಚಿ ದನದ ಬಾಯಿ ಛಿದ್ರವಾದರೆ ಸುದ್ದಿಯಲ್ಲಿ ಬರುವ ಪದ ‘ನಾಡಬಾಂಬ್’. ಕಾಯಿದೆ ಪುಸ್ತಕದಲ್ಲಿ ಈ ಪದ ಇಲ್ಲ. ಅಲ್ಲಿರುವುದು ‘ಸ್ಫೋಟಕ’ ಮತ್ತು ‘ಸ್ಫೋಟಕ ವಸ್ತು’. ಕೇಳಲು ಒಂದೇ ಥರ, ಆದರೆ ಎರಡಕ್ಕೂ ಬೇರೆ ಬೇರೆ ಕಾಯಿದೆ.

‘ಸ್ಫೋಟಕ’ ಎಂಬುದಕ್ಕೆ ಅರ್ಥ ಹೇಳುವುದು 1884ರ ಸ್ಫೋಟಕಗಳ ಕಾಯಿದೆ. ತಯಾರಿಕೆ, ದಾಸ್ತಾನು, ಮಾರಾಟ, ಸಾಗಾಟಕ್ಕೆ ಲೈಸೆನ್ಸ್ ಬೇಕೆನ್ನುವ ಕಾಯಿದೆ ಇದು. ಕೋವಿಮದ್ದು, ನೈಟ್ರೋಗ್ಲಿಸರಿನ್, ಟಿಎನ್‌ಟಿ ಎಂದು ಹೆಸರು ಹಿಡಿದು ಹೇಳಿ, ಸಿಡಿಯಲೆಂದೋ ಬೆಂಕಿಯ ಬಣ್ಣ ತೋರಲೆಂದೋ ತಯಾರಿಸಿದ ಬೇರೆ ಪದಾರ್ಥಗಳನ್ನೂ ಸೇರಿಸಿಕೊಳ್ಳುತ್ತದೆ. ಹಾಗಾಗಿ ತೇರಿನ ದಿನದ ಗರ್ನಾಲು, ಕಲ್ಲು ಕ್ವಾರಿಯ ಡಿಟೊನೇಟರ್, ಅಜ್ಜನ ಕಾಲದ ಕೇಪಿನ ಕೋವಿಗೆ ಹಾಕುವ ಕೇಪು ಎಲ್ಲವೂ ಸ್ಫೋಟಕವೇ. 2008ರ ನಿಯಮಗಳು ಮಾಡಿದ 8 ವರ್ಗಗಳಲ್ಲಿ ಪಟಾಕಿಯದು ಏಳನೆಯದು. ತೂಕದಲ್ಲಿ ಶೇ. 45ಕ್ಕಿಂತ ಹೆಚ್ಚು ಅಮೋನಿಯಂ ನೈಟ್ರೇಟ್ ಇರುವ ಮಿಶ್ರಣವನ್ನೂ 2011ರಲ್ಲಿ ಈ ಪಟ್ಟಿಗೆ ಸೇರಿಸಲಾಯಿತು. ಅದನ್ನು ಬೇರ್ಪಡಿಸಲು ಬಾರದ ಗೊಬ್ಬರಕ್ಕೆ ಮಾತ್ರ ವಿನಾಯಿತಿ.

‘ಸ್ಫೋಟಕ ವಸ್ತು’ವಿನ ಕಥೆಯೇ ಬೇರೆ. 1908ರ ಏಪ್ರಿಲ್ 30ರಂದು ಬಿಹಾರದ ಮುಜಫ್ಫರಪುರದಲ್ಲಿ ಕ್ರಾಂತಿಕಾರಿಗಳ ಬಾಂಬ್ ಸಿಡಿಯಿತು. ಜೂನ್ ತಿಂಗಳಲ್ಲೇ ಬ್ರಿಟಿಷರು ಸ್ಫೋಟಕ ವಸ್ತುಗಳ ಕಾಯಿದೆ ತಂದರು. ಆ ಅವಸರ ವ್ಯಾಖ್ಯೆಯಲ್ಲೇ ಕಾಣುತ್ತದೆ. ಮದ್ದು ಮಾಡುವ ಕಚ್ಚಾ ಸಾಮಗ್ರಿ, ಸ್ಫೋಟಕ್ಕೆ ಬಳಸುವ ಅಥವಾ ಬಳಸಲು ಉದ್ದೇಶಿಸಿದ ಉಪಕರಣ, ಅದರ ಒಂದು ಬಿಡಿಭಾಗ, ಎಲ್ಲವೂ ‘ಸ್ಫೋಟಕ ವಸ್ತು’. ಒಂದು ಚಿಟಿಕೆ ಮದ್ದಿಲ್ಲದ ವೈರು, ಟೈಮರ್ ಕೂಡ ಉದ್ದೇಶ ನೋಡಿ ಇದರೊಳಗೆ ಬರಬಹುದು. ಇಷ್ಟು ಅಗಲದ ವ್ಯಾಖ್ಯೆ ನನಗೆ ತುಸು ಭಯವನ್ನೇ ಹುಟ್ಟಿಸುತ್ತದೆ. ಸಂಶಯ ಹುಟ್ಟಿಸುವಂತೆ ಇಟ್ಟುಕೊಂಡು ಸಿಕ್ಕಿಬಿದ್ದರೆ, ಕಾನೂನುಬದ್ಧ ಕೆಲಸಕ್ಕೆ ಎಂದು ತೋರಿಸಬೇಕಾದವನು ಆರೋಪಿಯೇ. ತೋರಿಸಲಾಗದಿದ್ದರೆ 10 ವರ್ಷದವರೆಗೆ ಜೈಲು. ಆರ್‌ಡಿಎಕ್ಸ್‌ನಂಥ ‘ವಿಶೇಷ ವರ್ಗ’ದ್ದಾದರೆ ಜೀವಾವಧಿಯವರೆಗೂ ಹೋಗಬಹುದು. ಒಂದು ತಡೆಯೂ ಇದೆ: ಜಿಲ್ಲಾ ದಂಡಾಧಿಕಾರಿ, ಅಂದರೆ ನಮಗೆ ಕಾರವಾರದ ಡಿಸಿ ಸಾಹೇಬರು, ಒಪ್ಪಿಗೆ ಕೊಡದೆ ಕೋರ್ಟು ವಿಚಾರಣೆ ನಡೆಸುವಂತಿಲ್ಲ.

ಗ್ರೆನೇಡ್, ಬಾಂಬ್, ಕ್ಷಿಪಣಿ ಮೂರನೆಯ ಗುಂಪು. 1959ರ ಶಸ್ತ್ರಾಸ್ತ್ರ ಕಾಯಿದೆ ಇವನ್ನು ‘ನಿಷೇಧಿತ ಮದ್ದುಗುಂಡು’ ಎನ್ನುತ್ತದೆ. ಟಾರ್ಪೆಡೊ ಸಾಮಗ್ರಿಯೂ ಅದರಲ್ಲಿದೆ. ಸರ್ಕಾರದ ಆದೇಶದ ಮೇಲೆ ಇಟ್ಟುಕೊಳ್ಳುವವರಿಗೆ ಈ ಕಾಯಿದೆ ಅನ್ವಯಿಸದ ಕಾರಣ ನಮ್ಮ ಕಾರವಾರದ ಕದಂಬ ನೌಕಾನೆಲೆಗೆ ತೊಡಕಿಲ್ಲ.

ಹಂದಿ ಉಂಡೆಯ ವಿಷಯಕ್ಕೆ ಇನ್ನೊಂದು ಗಂಟೂ ಇದೆ. 1972ರ ವನ್ಯಜೀವಿ ಕಾಯಿದೆಯಲ್ಲಿ ‘ಆಯುಧ’ ಎಂದರೆ ಕೋವಿ, ಬಲೆ, ಉರುಳು, ವಿಷದ ಜೊತೆಗೆ ಸ್ಫೋಟಕವೂ ಹೌದು. ತೋಟೆ (ಸಿಡಿಮದ್ದು) ಹಾಕಿ ಮೀನು ಹಿಡಿಯುವುದನ್ನೂ 1897ರ ಮೀನುಗಾರಿಕೆ ಕಾಯಿದೆಯೇ ಅಪರಾಧ ಎಂದಿತ್ತು. ಹೊಳೆ, ಕೆರೆ ಅಷ್ಟೇ ಅಲ್ಲ, ದಡದಿಂದ ಸುಮಾರು 5.5 ಕಿ.ಮೀ. ವರೆಗಿನ ಸಮುದ್ರವೂ ಅದರ ಲೆಕ್ಕದಲ್ಲಿ ‘ನೀರು’. ಹಿಡಿಯುವ ಉದ್ದೇಶದಿಂದ ಸಿಡಿಸಿದರೆ ಸಾಕು, ಒಂದು ಮೀನೂ ಸಿಗಬೇಕೆಂದಿಲ್ಲ.